ಮೊದಲು ಹಾಸು, ಅನಂತರ ಹೊದಿಕೆ

ಆಹಾರ, ನಿದ್ರೆ, ಬ್ರಹ್ಮಚರ್ಯ ಇವು ಮೂರೂ ಶರೀರವನ್ನು ಎತ್ತಿ ಹಿಡಿಯುವ ಉಪಸ್ತಂಭಗಳೆಂದು ಚರಕಾಚಾರ್ಯರು ಹೇಳಿದ್ದಾರೆ. ಇವುಗಳಲ್ಲಿ ಆಹಾರದ ವಿಷಯವಾಗಿ ಭಕ್ತರು ನಮ್ಮನ್ನು ನಿತ್ಯವೂ ಪ್ರಶ್ನಿಸುತ್ತಾರೆ. ಮೊಸರು ರಾತ್ರಿ ಸೇವಿಸಬಹುದೆ, ಜೋಳ ಒಳ್ಳೆಯದೋ ಗೋಧಿ ಒಳ್ಳೆಯದೋ ಎಂದು ಕೇಳುತ್ತಾರೆ. ನಿದ್ರೆ ಬಾರದಿದ್ದರೆ ಗುಳಿಗೆ ಕೇಳುತ್ತಾರೆ. ಆದರೆ ಯಾವುದರ ಮೇಲೆ ಮಲಗಬೇಕು, ಯಾವ ಕಾಲದಲ್ಲಿ ಏನನ್ನು ಹೊದೆಯಬೇಕು ಎಂದು ಕೇಳಿದವರನ್ನು ನಮ್ಮ ಮೂರೂವರೆ ದಶಕಗಳ ವೃತ್ತಿಜೀವನದಲ್ಲಿ ಬೆರಳ ಮೇಲೆ ಎಣಿಸಬಹುದು. ಇದರಲ್ಲಿ ರೋಗಿಗಳದ್ದಷ್ಟೇ ತಪ್ಪಿಲ್ಲ. ವೈದ್ಯರಾದ ನಾವೂ ಅವರನ್ನು ಕೇಳಲಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ಮಠದ ಭಕ್ತರೇ ಆದ ಒಬ್ಬ ವೃದ್ಧ ತಾಯಿ ಸೊಂಟ ಹಾಗೂ ಮೊಣಕಾಲಿನ ನೋವಿಗೆಂದು ನಮ್ಮ ಚಿಕಿತ್ಸಾಲಯಕ್ಕೆ ಬರುತ್ತಿದ್ದರು. ಬೇಸಿಗೆಯಲ್ಲಿ ಸಹಿಸಿಕೊಳ್ಳುವಷ್ಟಿದ್ದ ನೋವು ಕಾರ್ತಿಕ ಮಾಸ ಕಳೆದೊಡನೆ ಉಲ್ಬಣಿಸುತ್ತಿತ್ತು. ಬೆಳಗಿನ ಜಾವ ಎಚ್ಚರವಾದರೂ ಗೋಡೆ ಹಿಡಿದು ಎದ್ದು, ಸ್ನಾನ ಮುಗಿಸಿ, ಲಿಂಗಪೂಜೆಗೆ ಕುಳಿತುಕೊಳ್ಳುವಷ್ಟರಲ್ಲಿ ಹೊತ್ತು ಏರಿರುತ್ತಿತ್ತು. ಪೂಜೆಯ ಹೊತ್ತು ತಪ್ಪುತ್ತದೆಯೆಂಬ ಕೊರಗು ಅವರಿಗೆ ನೋವಿಗಿಂತ ಹೆಚ್ಚಾಗಿತ್ತು. ರಾಸ್ನಾಸಪ್ತಕ ಕಷಾಯ ಕೊಟ್ಟೆವು, ಮಹಾನಾರಾಯಣ ತೈಲದ ಅಭ್ಯಂಗ ಮಾಡಿಸಿದೆವು. ಎರಡು ಚಳಿಗಾಲಗಳು ಹೀಗೆಯೇ ಕಳೆದವು. ಮೂರನೆಯ ವರ್ಷ ಅವರ ಮೊಮ್ಮಗನ ಜ್ವರವನ್ನು ನೋಡಲು ಮನೆಗೆ ಹೋದಾಗ, ಆ ತಾಯಿ ಮಲಗುವ ಸ್ಥಳ ನಮ್ಮ ಕಣ್ಣಿಗೆ ಬಿತ್ತು. ಪಡಸಾಲೆಯ ಪರಸಿ ಕಲ್ಲಿನ ನೆಲ. ಅದರ ಮೇಲೆ ಸವೆದು ತೆಳುವಾದ ಒಂದು ಜಮಖಾನ. ಹೊದೆಯಲು ಎರಡು ಕಂಬಳಿ, ಒಂದು ಕೌದಿ! "ಎರಡು ಕಂಬಳಿ ಹೊಚ್ಕೊಂಡ್ರೂ ನಡು ಬೆಚ್ಚಗಾಗಂಗಿಲ್ಲರೀ ಡಾಕ್ಟರ" ಎಂದರು.

ಬೆಚ್ಚಗಾಗುವುದಾದರೂ ಹೇಗೆ? ಮೇಲಿನ ಚಳಿಗೆ ಮೂರು ತಡೆಗಳಿದ್ದವು, ಕೆಳಗಿನ ಚಳಿಗೆ ಒಂದೂ ಇರಲಿಲ್ಲ. ನಾವು ಮಾಡಿದ್ದಿಷ್ಟೆ: ಮೇಲಿನ ಒಂದು ಕಂಬಳಿಯನ್ನು ಮಡಿಸಿ ಕೆಳಗೆ ಹಾಸಿಸಿದೆವು. ಅದರ ಅಡಿಗೆ ಒಂದು ಚಾಪೆ, ಮೇಲೆ ಮನೆಯಲ್ಲಿಯೇ ಇದ್ದ ಹಳೆಯ ಹತ್ತಿಯ ಗಾದಿ. ಔಷಧವನ್ನು ಬದಲಿಸಲಿಲ್ಲ. ಸಂಧಿವಾತ ಹೋಯಿತೆಂದು ಹೇಳಿದರೆ ಅದು ಸುಳ್ಳಾದೀತು. ಆದರೆ ಕೆಲವೇ ವಾರಗಳಲ್ಲಿ ಅವರ ಬೆಳಗಿನ ಬಿಗಿತ ಎಷ್ಟೋ ಸಡಿಲಗೊಂಡು, ಪೂಜೆ ಮತ್ತೆ ಸೂರ್ಯೋದಯಕ್ಕೆ ಮುನ್ನ ನಡೆಯತೊಡಗಿತು. ಎರಡು ವರ್ಷ ನಾಡಿ ಹಿಡಿದು ನೋಡಿದ ನಾವು ಒಂದು ದಿನವೂ ಹಾಸಿಗೆಯ ಬಗ್ಗೆ ಕೇಳಿರಲಿಲ್ಲವೆಂಬುದು ಇಂದಿಗೂ ನಮ್ಮನ್ನು ಚುಚ್ಚುತ್ತದೆ. ಆ ಋಣ ತೀರಿಸುವ ಸಲುವಾಗಿಯೇ ಈ ಲೇಖನ.

ಕೆಳಗಿನಿಂದ ಕಟ್ಟುವ ಕ್ರಮ

'ಹಾಸಲು ಹೊದೆಯಲು' ಎಂಬುದು ನಮ್ಮ ಹಿರಿಯರ ನುಡಿಗಟ್ಟು. ಅದರಲ್ಲಿ ಹಾಸು ಮೊದಲು, ಹೊದಿಕೆ ಅನಂತರ. ಈ ಕ್ರಮವೇ ಶರೀರಕ್ಕೂ ಹಿತವಾದದ್ದು. ಕಂಬಳಿಯಾಗಲಿ ಕೌದಿಯಾಗಲಿ ತಾನೇ ಶಾಖವನ್ನು ಉತ್ಪತ್ತಿ ಮಾಡುವುದಿಲ್ಲ. ಅದರ ಎಳೆಗಳ ನಡುವೆ ನಿಂತ ಗಾಳಿಯು ನಮ್ಮ ಮೈಯ ಶಾಖವನ್ನು ಹೊರಹೋಗದಂತೆ ತಡೆಯುತ್ತದೆ. ಮೇಲೆ ಹೊದ್ದದ್ದು ಸಡಿಲವಾಗಿರುವುದರಿಂದ ಗಾಳಿ ಅದರಲ್ಲಿ ನಿಲ್ಲುತ್ತದೆ. ಕೆಳಗೆ ಹಾಸಿದ್ದು ಮೈಭಾರಕ್ಕೆ ಒತ್ತಿಹೋಗಿ ಒಳಗಿನ ಗಾಳಿಯನ್ನು ಕಳೆದುಕೊಳ್ಳುತ್ತದೆ. ಕಲ್ಲು, ಸಿಮೆಂಟು, ಗ್ರಾನೈಟು ನೆಲಗಳು ಶಾಖವನ್ನು ಬೇಗನೆ ಹೀರಿಕೊಳ್ಳುತ್ತವೆ. ಸಗಣಿ ಸಾರಿಸಿದ ಮಣ್ಣಿನ ನೆಲದಲ್ಲಿ ಸಾಕಾಗುತ್ತಿದ್ದ ಒಂದು ಚಾಪೆ, ಇಂದಿನ ನುಣುಪು ಕಲ್ಲಿನ ನೆಲಕ್ಕೆ ಸಾಲದು.

ಆದುದರಿಂದ ನೆಲಕ್ಕೆ ತಾಗುವ ಪದರವು ಭಾರಕ್ಕೆ ಸುಲಭವಾಗಿ ಕುಗ್ಗದಂಥದ್ದಿರಲಿ. ದಪ್ಪ ಚಾಪೆ, ತೆಂಗಿನ ನಾರಿನ ಹಾಸು, ಮಡಿಸಿದ ಕುರಿ ಉಣ್ಣೆಯ ಕಂಬಳಿ ಇದಕ್ಕೆ ಯೋಗ್ಯ. ಅದರ ಮೇಲೆ ಹತ್ತಿಯ ಗಾದಿ. ಗಾದಿಯ ಮೇಲೆ ಆಗಾಗ್ಗೆ ಒಗೆಯಲು ಬರುವ ಹತ್ತಿಯ ಮೇಲುಹಾಸು. ಹತ್ತಿಯ ಹಾಸಿಗೆಯು ವಾತಕಫಗಳನ್ನು ಶಮನ ಮಾಡುವುದೆಂದೂ ಬರಿಯ ಮರದ ಹಲಗೆಯು ವಾತವನ್ನು ಹೆಚ್ಚಿಸುವುದೆಂದೂ ಭಾವಪ್ರಕಾಶದಲ್ಲಿ ಹೇಳಿದೆ. ಬೆನ್ನುನೋವಿಗೆ ಹಲಗೆಯ ಮೇಲೆ ಮಲಗಬೇಕೆಂಬ ನಂಬಿಕೆ ಇಂದಿಗೂ ಬಲವಾಗಿದೆ. ಅತಿ ಗಡಸೂ ಬೇಡ, ಮೈ ಹೂತುಹೋಗುವಷ್ಟು ಮೆತ್ತಗಿರುವುದೂ ಬೇಡ. ನಡುವಿನ ಗಡಸುತನವೇ ಬೆನ್ನಿಗೆ ಹಿತ. ಗಾದಿಯ ನಡುವೆ ತಗ್ಗು ಬಿದ್ದಿದ್ದರೆ ಅಥವಾ ಹತ್ತಿ ಗಂಟುಗಟ್ಟಿದ್ದರೆ ಹೊಸದನ್ನು ಕೊಳ್ಳಬೇಕೆಂದೇನೂ ಇಲ್ಲ. ಪಿಂಜಾರರಿಂದ ಹತ್ತಿಯನ್ನು ಹಿಂಜಿಸಿ ಮತ್ತೆ ತುಂಬಿಸಿದರೆ ಹಳೆಯದೇ ಹೊಸದಾಗುತ್ತದೆ.

ಹೊದಿಕೆಯ ವಿಷಯದಲ್ಲಿ ಭಾರವಾದ ಒಂದಕ್ಕಿಂತ ಹಗುರವಾದ ಎರಡು ಲೇಸು. ಎರಡು ಪದರಗಳ ನಡುವೆ ನಿಲ್ಲುವ ಗಾಳಿಯೂ ಒಂದು ಹೊದಿಕೆಯಂತೆಯೇ ಕೆಲಸ ಮಾಡುತ್ತದೆ; ಸೆಕೆಯಾದರೆ ಒಂದನ್ನು ಸರಿಸಲೂ ಬರುತ್ತದೆ. ವಾಗ್ಭಟಾಚಾರ್ಯರು ಅಷ್ಟಾಂಗಹೃದಯದ ಋತುಚರ್ಯಾಧ್ಯಾಯದಲ್ಲಿ ಹೇಮಂತದ ಹೊದಿಕೆಯನ್ನು ವಿವರಿಸುವಾಗ, ಅದು ಸ್ವಭಾವತಃ ಉಷ್ಣವೂ ಲಘುವೂ ಆಗಿರಬೇಕೆಂದು ಎರಡು ಗುಣಗಳನ್ನು ಜೊತೆಯಾಗಿ ಹೇಳಿದ್ದಾರೆ. ಬೆಚ್ಚಗಿರಬೇಕು, ಆದರೆ ಎದೆಯ ಮೇಲೆ ಹೊರೆಯಾಗಬಾರದು ಎಂಬುದು ಅದರ ತಾತ್ಪರ್ಯ. ಮೈಗೆ ತಾಗುವುದು ಹತ್ತಿಯ ದುಪ್ಪಟಿ, ಅದರ ಮೇಲೆ ಉಣ್ಣೆ: ಈ ಕ್ರಮವನ್ನು ಪಾಲಿಸಿದರೆ ಕಂಬಳಿಯ ತುರಿಕೆಯೂ ಇರದು, ಕಂಬಳಿಯನ್ನು ಪದೇ ಪದೇ ಒಗೆಯುವ ಕಷ್ಟವೂ ಇರದು.

ನಮ್ಮ ನಾಡಿನ ಪದಾರ್ಥಗಳು

ಚಳ್ಳಕೆರೆಯ ಕಂಬಳಿ, ನವಲಗುಂದದ ಜಮಖಾನ, ನೆರೆಯ ಸೊಲ್ಲಾಪುರದ ಚಾದರ, ಮನೆಯ ತಾಯಂದಿರು ಹಳೆಯ ಸೀರೆ-ಧೋತರಗಳನ್ನು ಪದರ ಪದರವಾಗಿ ಜೋಡಿಸಿ ಹೊಲಿದ ಕೌದಿ, ಇವೆಲ್ಲವೂ ನಮ್ಮ ಹವೆಗೆ ಒಗ್ಗಿದ ಪದಾರ್ಥಗಳು. ಉಣ್ಣೆಯು ತನ್ನ ತೂಕದ ಶೇ. 30ರಷ್ಟು ತೇವವನ್ನು ಒಳಗಿರಿಸಿಕೊಂಡರೂ ಮೈಗೆ ಒದ್ದೆಯೆನಿಸುವುದಿಲ್ಲ. ಮಲೆನಾಡಿನ ರೈತರು ಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ಗದ್ದೆಗೆ ಇಳಿಯುತ್ತಿದ್ದುದರ ಮರ್ಮ ಇದೇ. ಹತ್ತಿಯು ಬೆವರನ್ನು ಹೀರುತ್ತದೆ, ಆದರೆ ಒದ್ದೆಯಾದರೆ ತಣ್ಣಗಾಗುತ್ತದೆ. ಕೃತಕ ನೂಲಿನ ಮೆತ್ತನೆಯ ರಗ್ಗುಗಳು ಅಗ್ಗವೂ ಹಗುರವೂ ಬೆಚ್ಚಗೂ ಇರುತ್ತವೆ. ಅವು ಬೆವರನ್ನು ಹೀರುವುದಿಲ್ಲವಾದ್ದರಿಂದ ಕೆಳಗೊಂದು ಹತ್ತಿಯ ದುಪ್ಪಟಿ ಇರಿಸಿಕೊಳ್ಳಬೇಕು. ಒಲೆ, ಕೆಂಡ, ದೀಪಗಳಿಂದ ಅವುಗಳನ್ನು ದೂರವಿರಿಸಬೇಕು.

ನೇಯ್ಗೆಯ ಕಾಯಕದ ಜೇಡರ ದಾಸಿಮಯ್ಯ, ಬಿದಿರಿನ ಕಾಯಕದ ಮೇದಾರ ಕೇತಯ್ಯ ಮೊದಲಾದ ಶರಣರನ್ನು ಸ್ಮರಿಸುವ ನಮಗೆ ಒಂದು ಚಾಪೆ, ಒಂದು ಕಂಬಳಿ ಬರಿಯ ಸರಕಲ್ಲ. ಅದು ಒಬ್ಬರ ಕಾಯಕದ ಫಲ. ಸಮೀಪದ ಕೈಗಳು ಮಾಡಿದ್ದನ್ನು ಕೊಂಡರೆ ದೇಹಕ್ಕೂ ಹಿತ, ನೆರೆಯವರ ಅನ್ನಕ್ಕೂ ಆಧಾರ.

ಋತುವಿನಿಂದ ಋತುವಿಗೆ

ಹೇಮಂತ ಮತ್ತು ಶಿಶಿರ: ಮಾರ್ಗಶಿರದಿಂದ ಮಾಘದವರೆಗೆ ಬೀದರ, ವಿಜಯಪುರ ಭಾಗಗಳಲ್ಲಿ ರಾತ್ರಿಯ ಉಷ್ಣತೆ 10 ಡಿಗ್ರಿಯ ಆಸುಪಾಸಿಗೆ ಇಳಿಯುವುದುಂಟು. ಈ ಕಾಲದಲ್ಲಿ ಕೆಳಗಿನ ಮೂರು ಪದರಗಳನ್ನೂ ಬಳಸಬೇಕು. ಶರೀರದ ಒಳ ಉಷ್ಣತೆಯು ಬೆಳಗಿನ ಜಾವ ಸುಮಾರು 4 ಗಂಟೆಯ ಹೊತ್ತಿಗೆ ಅತಿ ಕಡಿಮೆಯಿರುತ್ತದೆ. ಹೊರಗಿನ ಚಳಿಯೂ ಆಗಲೇ ಹೆಚ್ಚು. ಮಲಗುವಾಗಲೇ ಎಲ್ಲವನ್ನೂ ಹೊದ್ದು ಬೆವರುವ ಬದಲು, ಒಂದು ಹೊದಿಕೆಯನ್ನು ಮಡಿಸಿ ಕಾಲ ಬಳಿ ಇರಿಸಿಕೊಂಡು ಜಾವದಲ್ಲಿ ಎಳೆದುಕೊಳ್ಳುವುದು ಉತ್ತಮ. ತಲೆಗೆ, ಕಿವಿಗೆ ಬಟ್ಟೆ ಕಟ್ಟಿಕೊಳ್ಳಬಹುದು. ಮುಖವನ್ನು ಮುಚ್ಚಿ ಮಲಗುವುದು ಬೇಡ. ಮಲಗುವ ಮುನ್ನ ಅಂಗಾಲುಗಳಿಗೆ ಉಗುರುಬೆಚ್ಚಗಿನ ಎಳ್ಳೆಣ್ಣೆ ತಿಕ್ಕಿಕೊಂಡರೆ ನಿದ್ರೆ ಬೇಗ ಹತ್ತುತ್ತದೆ.

ವಸಂತ: ಶಿವರಾತ್ರಿಗೆ ಚಳಿಯು 'ಶಿವ ಶಿವ' ಎಂದು ಓಡುವುದೆಂಬ ಗಾದೆಯಿದೆ. ಗಾದೆಯನ್ನು ನಂಬಿ ಮರುದಿನವೇ ಎಲ್ಲ ಹೊದಿಕೆಗಳನ್ನು ಪೆಟ್ಟಿಗೆಗೆ ಸೇರಿಸುವವರು ನೆಗಡಿ ಕೆಮ್ಮುಗಳನ್ನು ಆಹ್ವಾನಿಸುತ್ತಾರೆ. ಚಳಿಗಾಲದಲ್ಲಿ ಸಂಚಯವಾದ ಕಫವು ಕರಗುವ ಕಾಲವಿದು. ಒಂದು ಋತುವಿನ ಕೊನೆಯ 7 ದಿನ ಹಾಗೂ ಮುಂದಿನ ಋತುವಿನ ಮೊದಲ 7 ದಿನ ಋತುಸಂಧಿಯೆಂದೂ, ಆ ಅವಧಿಯಲ್ಲಿ ಹಳೆಯ ರೂಢಿಯನ್ನು ಕ್ರಮೇಣ ಬಿಟ್ಟು ಹೊಸದನ್ನು ಕ್ರಮೇಣ ಹಿಡಿಯಬೇಕೆಂದೂ ವಾಗ್ಭಟಾಚಾರ್ಯರ ಆದೇಶ. ಪದರಗಳ ಹಾಸಿಗೆಯಲ್ಲಿ ಇದು ಬಲು ಸುಲಭ: ಮೊದಲು ಮೇಲಿನ ಕಂಬಳಿ ಹೋಗಲಿ, ಕೆಲವು ದಿನ ಬಿಟ್ಟು ಕೆಳಗಿನ ಕಂಬಳಿ, ಕೊನೆಗೆ ಕೌದಿ.

ಗ್ರೀಷ್ಮ: ಕಲಬುರಗಿ, ರಾಯಚೂರುಗಳಲ್ಲಿ ಹಗಲಿನ ಉಷ್ಣತೆ 40 ಡಿಗ್ರಿ ದಾಟುವ ದಿನಗಳಿವು. ದಪ್ಪ ಫೋಮಿನ ಹಾಸಿಗೆಯು ಮೈಯ ಶಾಖವನ್ನು ಹಿಡಿದಿಡುವುದರಿಂದ ನಿದ್ರೆ ಕೆಡುತ್ತದೆ. ಅಂಥ ಹಾಸಿಗೆಯ ಮೇಲೊಂದು ಚಾಪೆ ಹಾಸಿ, ಅದರ ಮೇಲೆ ತೆಳುವಾದ ಹತ್ತಿಯ ಬಟ್ಟೆ ಹಾಸಿದರೆ ಬೆನ್ನಿನ ಕೆಳಗೆ ಗಾಳಿಯಾಡುತ್ತದೆ. ಚಳಿಯಲ್ಲಿ ವೈರಿಯಾಗಿದ್ದ ಕಲ್ಲುನೆಲ ಈಗ ಮಿತ್ರ. ಆರೋಗ್ಯವಂತರು ಚಾಪೆಯ ಮೇಲೆ ಮಲಗಬಹುದು. ಮಾಳಿಗೆಯ ಮೇಲೆ ಮಲಗುವುದು ನಮ್ಮ ಬಯಲುಸೀಮೆಯ ಹಳೆಯ ರೂಢಿ. ಶಾಸ್ತ್ರವೂ ಬೇಸಿಗೆಯ ರಾತ್ರಿಯಲ್ಲಿ ಬೆಳದಿಂಗಳಿಂದ ತಂಪಾದ ಮಹಡಿಯನ್ನು ಮೆಚ್ಚುತ್ತದೆ. ಆದರೆ ಅಡ್ಡಗೋಡೆಯಿಲ್ಲದ ಮಾಳಿಗೆಯ ಮೇಲೆ ಮಕ್ಕಳನ್ನೂ ವೃದ್ಧರನ್ನೂ ಮಲಗಿಸಬಾರದು. ನಿದ್ರೆಗಣ್ಣಿನಲ್ಲಿ ಎದ್ದು ಅಂಚಿನಿಂದ ಬಿದ್ದವರನ್ನು ನಾವು ಕಂಡಿದ್ದೇವೆ. ಜಾವದ ತಂಗಾಳಿಗೆ ಒಂದು ತೆಳು ದುಪ್ಪಟಿ ಬೇಸಿಗೆಯಲ್ಲಿಯೂ ಪಕ್ಕದಲ್ಲಿರಲಿ.

ವರ್ಷಾ: ಈ ಋತುವಿನ ಶತ್ರು ಚಳಿಗಿಂತ ತೇವ. ತೇವವಿಲ್ಲದ ಎತ್ತರದ ಸ್ಥಳದಲ್ಲಿ ವಾಸಿಸಬೇಕೆಂಬುದು ವಾಗ್ಭಟಾಚಾರ್ಯರ ಸಲಹೆ. ಸಾಧ್ಯವಿದ್ದವರು ಹೊರಸು ಅಥವಾ ಮಂಚದ ಮೇಲೆ, ಗೋಡೆಯಿಂದ ಒಂದು ಗೇಣು ದೂರದಲ್ಲಿ ಮಲಗಲಿ. ನೆಲದ ಮೇಲೆಯೇ ಹಾಸುವವರು ಬೆಳಗ್ಗೆ ಹಾಸಿಗೆಯನ್ನು ಸುತ್ತಿ ಎತ್ತರದಲ್ಲಿರಿಸಬೇಕು. ಎದ್ದ ಕೂಡಲೇ ಮಡಿಸಿಡದೆ, ಬೆವರಿನ ತೇವ ಆರುವವರೆಗೆ ಅರ್ಧ ಗಂಟೆ ಬಿಡಿಸಿ ಹಾಕಿರಬೇಕು. ಮುಗ್ಗಲು ವಾಸನೆ ಬರುವ ಹಾಸಿಗೆಯಲ್ಲಿ ಬೂಷ್ಟೂ ಕಣ್ಣಿಗೆ ಕಾಣದ ಧೂಳುನುಸಿಗಳೂ ಬೆಳೆಯುತ್ತವೆ. ಉಬ್ಬಸ, ಬೆಳಗಿನ ಸೀನು ಇರುವವರ ಮನೆಯಲ್ಲಿ ಔಷಧಕ್ಕಿಂತ ಮುಂಚೆ ತಲೆದಿಂಬನ್ನು ಪರೀಕ್ಷಿಸಬೇಕು. ದಿಂಬಿನ ಚೀಲ ಮತ್ತು ಮೇಲುಹಾಸುಗಳನ್ನು ವಾರಕ್ಕೊಮ್ಮೆ 60 ಡಿಗ್ರಿಯಷ್ಟು ಬಿಸಿಯಾದ ನೀರಿನಲ್ಲಿ ನೆನೆಸಿ ಒಗೆದರೆ ನುಸಿಗಳು ಸಾಯುತ್ತವೆ. ಕೌದಿ ಕಂಬಳಿಗಳನ್ನು ಮಳೆಗಾಲದಲ್ಲಿ ಒಗೆಯದೆ, ಬಿಸಿಲು ಬಂದಾಗಲೆಲ್ಲ ಒಣಹಾಕಿ ಕೊಡವುವುದೇ ಸರಿ.

ಮಳೆಗಾಲದಲ್ಲಿ ನೆಲದ ಮೇಲೆ ಮಲಗುವವರಿಗೆ ಇನ್ನೊಂದು ಅಪಾಯವಿದೆ. ಕಟ್ಟುಹಾವು ರಾತ್ರಿಯ ಹೊತ್ತು ಸಂಚರಿಸುವಂಥದ್ದು. ಅದು ಮಲಗಿದವರನ್ನು ಕಚ್ಚಿದರೆ ನೋವೇ ಆಗದಿರಬಹುದು, ಗಾಯದ ಗುರುತೂ ಕಾಣದಿರಬಹುದು. ಸೊಳ್ಳೆಪರದೆಯನ್ನು ಕಟ್ಟಿ ಅದರ ಅಂಚನ್ನು ನಾಲ್ಕೂ ಕಡೆ ಹಾಸಿನ ಕೆಳಗೆ ಸಿಕ್ಕಿಸಿಕೊಂಡರೆ ಸೊಳ್ಳೆಯಿಂದಲೂ ಹಾವಿನಿಂದಲೂ ರಕ್ಷಣೆ. ನೆಲದ ಮೇಲೆ ಮಲಗಿದ್ದವರು ರಾತ್ರಿ ಹೊಟ್ಟೆನೋವಿನಿಂದ ಎದ್ದು, ರೆಪ್ಪೆಗಳು ಜೋಲುತ್ತಿದ್ದರೆ, ಮಾತು ತೊದಲುತ್ತಿದ್ದರೆ, ನಾಟಿ ಔಷಧಕ್ಕೆಂದು ಒಂದು ಗಳಿಗೆಯನ್ನೂ ಕಳೆಯದೆ ವಿಷಪ್ರತಿರೋಧಕ ಚುಚ್ಚುಮದ್ದು ದೊರೆಯುವ ಆಸ್ಪತ್ರೆಗೆ ಒಯ್ಯಬೇಕು. ಆಯುರ್ವೇದ ವೈದ್ಯರಾಗಿಯೇ ನಾವು ಈ ಮಾತನ್ನು ಒತ್ತಿ ಹೇಳುತ್ತೇವೆ.

ಶರದ್: ಮಳೆ ಹಿಂದೆಗೆದು ಬಿಸಿಲು ಚುರುಕಾಗುವ ಕಾಲ. ಮಹಾನವಮಿಗೆ ಮುನ್ನ ಮನೆಯ ಸಮಸ್ತ ಹಾಸಿಗೆ ಹೊದಿಕೆಗಳನ್ನು ಹಳ್ಳಕ್ಕೋ ಕೆರೆಗೋ ಹೊತ್ತೊಯ್ದು ಒಗೆದು ಒಣಗಿಸುವ ನಮ್ಮ ಉತ್ತರ ಕರ್ನಾಟಕದ ಸಂಪ್ರದಾಯವು ಬರಿಯ ಮಡಿಯ ಮಾತಲ್ಲ. ನಾಲ್ಕು ತಿಂಗಳ ತೇವವನ್ನು ತೆಗೆದು ಚಳಿಗೆ ಹಾಸಿಗೆಯನ್ನು ಅಣಿಗೊಳಿಸುವ ಆರೋಗ್ಯ ಕ್ರಮವದು. ಒಳಗಿನ ಪದರದಲ್ಲಿ ತೇವ ಉಳಿಯದಂತೆ ಕೌದಿಯನ್ನು ಎರಡು ದಿನವಾದರೂ ತಿರುವಿ ಹಾಕಿ ಒಣಗಿಸಬೇಕು. ಕಂಬಳಿಯನ್ನು ಬಿಸಿನೀರಿನಲ್ಲಿ ಹಾಕಬಾರದು, ಹಿಂಡಬಾರದು. ಮಡಿಸಿಡುವಾಗ ಒಣಗಿದ ಬೇವಿನೆಲೆ, ಬಜೆಯ ತುಂಡುಗಳನ್ನು ಇರಿಸಿದರೆ ಸಾಕು. ನುಸಿಗುಳಿಗೆಯ ಘಾಟು ಹಸುಗೂಸುಗಳಿಗೆ ಹಾನಿಕರ. ಶರತ್ಕಾಲದಲ್ಲಿ ಇಬ್ಬನಿಯನ್ನು ವರ್ಜಿಸಬೇಕೆಂದು ಚರಕಾಚಾರ್ಯರು ಹೇಳಿರುವುದರಿಂದ ಬೇಸಿಗೆಯಂತೆ ಬಯಲಿನಲ್ಲಿ ಮಲಗುವುದನ್ನು ನಿಲ್ಲಿಸಬೇಕು.

ವಿಶೇಷ ಎಚ್ಚರ ಬೇಕಾದವರು

ಹಸುಗೂಸುಗಳು: ಕೂಸಿಗೆ ಚಳಿಯಾದೀತೆಂದು ಮೇಲೆ ಮೇಲೆ ಹೊದಿಸುವ ಅಜ್ಜಿಯಂದಿರ ಮಮತೆಯನ್ನು ನಾವು ಬಲ್ಲೆವು. ಆದರೆ ಭಾರವಾದ ಹೊದಿಕೆ ಮುಖಕ್ಕೆ ಸರಿದರೆ ಕೂಸು ಅದನ್ನು ತಳ್ಳಲಾರದು. ಅತಿಯಾದ ಶಾಖವೂ ಕೂಸಿಗೆ ಅಪಾಯ. ಒಂದು ವರ್ಷ ತುಂಬುವವರೆಗೆ ತಲೆದಿಂಬು ಬೇಡ. ಬೆನ್ನ ಮೇಲೆ ಮಲಗಿಸಿ, ಸಡಿಲ ಕಂಬಳಿಯ ಬದಲು ಮೈತುಂಬ ಅಂಗಿ ತೊಡಿಸಿ. ಕೂಸಿನ ಎದೆ ಅಥವಾ ಕತ್ತಿನ ಹಿಂಬದಿ ಮುಟ್ಟಿ ನೋಡಿದಾಗ ಬೆಚ್ಚಗಿದ್ದರೆ ಸಾಕು. ಬೆವರಿದ್ದರೆ ಒಂದು ಪದರ ಹೆಚ್ಚಾಗಿದೆಯೆಂದೇ ಅರ್ಥ.

ಬಾಣಂತಿಯರು: ಹೊರಸಿನ ಕೆಳಗೆ ಕೆಂಡವಿರಿಸಿ ಬಾಣಂತಿಗೆ ಕಾವು ಕೊಡುವ ಪದ್ಧತಿಯು ಗಾಳಿಯಾಡುವ ಹಳೆಯ ಮನೆಗಳಿಗೆ ಸರಿಯಾಗಿತ್ತು. ಕಿಟಕಿ ಬಾಗಿಲು ಬಿಗಿದ ಇಂದಿನ ಕೋಣೆಯಲ್ಲಿ ಕೆಂಡದಿಂದ ಹೊರಡುವ ವಾಸನೆಯಿಲ್ಲದ ವಿಷಾನಿಲವು ಮಲಗಿದಲ್ಲಿಯೇ ಪ್ರಾಣ ತೆಗೆಯಬಲ್ಲದು. ಕಾವು ಕೊಡಲೇಬೇಕಾದರೆ ಕಿಟಕಿ ತೆರೆದು, ಯಾರಾದರೂ ಎಚ್ಚರವಿದ್ದು, ಮಲಗುವ ಮುನ್ನ ಕೆಂಡವನ್ನು ಹೊರಗೊಯ್ಯಬೇಕು. ಕೆಳಗೆ ಎರಡು ಪದರ ಹೆಚ್ಚು ಹಾಸಿದರೆ ಕೆಂಡದ ಅವಶ್ಯಕತೆಯೇ ಬಹುಪಾಲು ತಪ್ಪುತ್ತದೆ.

ಮಧುಮೇಹಿಗಳು: ದೀರ್ಘಕಾಲದ ಮಧುಮೇಹದಲ್ಲಿ ಪಾದಗಳ ಸ್ಪರ್ಶಜ್ಞಾನ ಕುಂದಿರುತ್ತದೆ. ಬಿಸಿನೀರಿನ ಚೀಲವನ್ನು ಕಾಲ ಬಳಿ ಇರಿಸಿಕೊಂಡು ಮಲಗಿ, ಸುಟ್ಟದ್ದು ತಿಳಿಯದೆ ಬೆಳಗ್ಗೆ ಬೊಬ್ಬೆಗಳೊಂದಿಗೆ ಎದ್ದವರಿದ್ದಾರೆ. ಅಂಥವರು ಸಡಿಲವಾದ ಹತ್ತಿಯ ಕಾಲುಚೀಲ ಧರಿಸಲಿ.

ವೃದ್ಧರು: ನೆಲದಿಂದ ಏಳಲು ಕಷ್ಟಪಡುವವರಿಗೆ ಮೊಣಕಾಲಿನಷ್ಟು ಎತ್ತರದ ಮಂಚ ಬೇಕು. ಮಗ್ಗುಲಾಗಿ ಮಲಗುವವರಿಗೆ ದಿಂಬು ಭುಜ ಮತ್ತು ಕಿವಿಯ ನಡುವಿನ ಅಂತರವನ್ನು ತುಂಬುವಷ್ಟಿರಲಿ. ಅಂಗಾತ ಮಲಗುವವರಿಗೆ ಅದಕ್ಕಿಂತ ತೆಳುವಾದದ್ದು ಸಾಕು. ರಾತ್ರಿ ಏಳುವಾಗ ಕಾಲಿಗೆ ಸಿಕ್ಕಿಕೊಳ್ಳುವಷ್ಟು ಉದ್ದವಾದ ಹೊದಿಕೆ ಬೇಡ.

ಹಾಸಿನ ದಾಸೋಹ

ದೇಹವನ್ನು ದೇವಾಲಯವೆಂದು ಕಂಡ ಪರಂಪರೆ ನಮ್ಮದು. ಅಂಗೈಯಲ್ಲಿ ಲಿಂಗವಿರಿಸಿಕೊಂಡು ಬೆಳಗಿನ ಜಾವ ನೆಟ್ಟಗೆ ಕುಳಿತುಕೊಳ್ಳುವ ಬೆನ್ನು, ಇಡೀ ರಾತ್ರಿ ಯಾವುದರ ಮೇಲೆ ವಿಶ್ರಮಿಸಿತ್ತು ಎಂಬುದೂ ಪೂಜೆಯ ಸಿದ್ಧತೆಯ ಭಾಗವೇ ಆಗಿದೆ. ಹಾಗೆಂದು ದುಬಾರಿ ಹಾಸಿಗೆ ಬೇಕಿಲ್ಲ. ಇಂದು ರಾತ್ರಿ ಮನೆಯ ಹಿರಿಯರು ಮಲಗುವ ಸ್ಥಳಕ್ಕೆ ಹೋಗಿ, ಹಾಸಿನ ಕೆಳಗೆ ಕೈಯಿಟ್ಟು ನೋಡಿ. ಕೈಗೆ ನೆಲದ ತಣ್ಣಗಿನ ಸ್ಪರ್ಶವಾದರೆ, ಮೇಲಿನ ಒಂದನ್ನು ಕೆಳಗೆ ತನ್ನಿ. ಅವರಾಗಿಯೇ ಕೇಳಲಾರರು. ಒಳ್ಳೆಯ ಹಾಸಿಗೆಯನ್ನು ಬಂದ ಬೀಗರಿಗೂ ಮೊಮ್ಮಕ್ಕಳಿಗೂ ಬಿಟ್ಟುಕೊಟ್ಟು ತಾವು ನೆಲಕ್ಕೆ ಒರಗುವುದು ನಮ್ಮ ಹಿರಿಯರ ಸ್ವಭಾವ.

ಜಾತ್ರೆಯ ದಿನಗಳಲ್ಲಿ ದೂರದೂರದಿಂದ ಪಾದಯಾತ್ರೆ ಮಾಡಿ ಬರುವ ಭಕ್ತರು ಮಠಗಳ ಕಲ್ಲುಹಾಸಿನ ಪ್ರಾಂಗಣಗಳಲ್ಲಿ ರಾತ್ರಿ ಕಳೆಯುತ್ತಾರೆ. ಪ್ರಸಾದ ನಿಲಯಗಳಲ್ಲಿ ಬಡಮಕ್ಕಳು ವರ್ಷವಿಡೀ ನೆಲದ ಮೇಲೆಯೇ ಮಲಗುತ್ತಾರೆ. ಪುಷ್ಯದ ಚಳಿಯಲ್ಲಿ ಇವರಿಗೆ ರಗ್ಗು ಕಂಬಳಿಗಳನ್ನು ಹಂಚುವ ಪುಣ್ಯಾತ್ಮರು ನಮ್ಮಲ್ಲಿ ಅನೇಕರಿದ್ದಾರೆ. ಅವರಲ್ಲಿ ನಮ್ಮದೊಂದು ವಿನಂತಿ: ಹತ್ತು ಹೊದಿಕೆ ಕೊಡುವಲ್ಲಿ ಐದು ಹೊದಿಕೆ, ಐದು ದಪ್ಪ ಚಾಪೆಗಳನ್ನು ಕೊಡಿ. ಇಬ್ಬರು ಹುಡುಗರು ಒಂದೇ ಹಾಸಿನ ಮೇಲೆ ಒತ್ತಾಗಿ ಮಲಗಿ ಒಂದೇ ಕಂಬಳಿ ಹೊದ್ದರೂ ಬೆಚ್ಚಗಿರುತ್ತಾರೆ. ಬರಿಯ ಕಲ್ಲಿನ ಮೇಲೆ ಒಬ್ಬೊಬ್ಬರಿಗೆ ಎರಡೆರಡು ಕಂಬಳಿ ಕೊಟ್ಟರೂ ನಡುಗುತ್ತಾರೆ.